ಕಣ್ಣಿನ ಮೇಲೊಂದು ಬಟ್ಟಲು ನೀರು

ಬೆಳಿಗ್ಗೆ ಆರೂವರೆಗೆ ನಮ್ಮ ಊಟದ ಮೇಜಿನ ಮೇಲೆ ಒಂದು ಕನ್ನಡಿಯನ್ನು ಅಂಗಾತ ಮಲಗಿಸುತ್ತೇನೆ. ಸೋಪು ಹಾಕಿ ಕೈ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತೇನೆ. ಕಿರುಬೆರಳುದ್ದದ ಒಂದು ರಬ್ಬರ್ ಪ್ಲಂಜರ್ ಇದೆ. ಅದರ ತಲೆ ಮೇಲೆ ಲೆನ್ಸ್ ಕೂರಿಸುತ್ತೇನೆ. ಜಾಹೀರಾತಿನಲ್ಲಿ ಬರುವ, ಬೆರಳಿಗೆ ಅಂಟುವ ಮೆತ್ತನೆಯ ಲೆನ್ಸ್ ಅಲ್ಲ ಇದು. ಗಟ್ಟಿ ಪ್ಲಾಸ್ಟಿಕ್ಕಿನದು. 18 ಮಿ.ಮೀ. ಅಗಲ, ಅಂದರೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು. ಮಕ್ಕಳ ಅಡುಗೆ ಆಟದ ಬಟ್ಟಲಿನ ಹಾಗಿದೆ. ಆ ಬಟ್ಟಲಿಗೆ ಅಂಚಿನವರೆಗೂ ಸೆಲೈನ್ ತುಂಬುತ್ತೇನೆ. ಗಲ್ಲ ಎದೆಗೆ ತಾಗುವಷ್ಟು ಬಗ್ಗಿ, ಎರಡೂ ರೆಪ್ಪೆ ಅಗಲಿಸಿ ಹಿಡಿದು, ಕಣ್ಣನ್ನು ನಿಧಾನವಾಗಿ ಆ ನೀರಿಗೆ ಇಳಿಸುತ್ತೇನೆ. ತಣ್ಣಗೆ ತಾಗುತ್ತದೆ. ಹೆಚ್ಚಾದ ನೀರು ಮೂಗಿನ ಮೇಲೆ ಹರಿದು ಕನ್ನಡಿಗೆ ತೊಟ್ಟಿಕ್ಕುತ್ತದೆ. ತಲೆ ಎತ್ತಿದರೆ ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಸಣ್ಣ ಅಕ್ಷರವೂ ಓದಲು ಬರುತ್ತದೆ.

ಒಂದು ಗುಳ್ಳೆ ಒಳಗೆ ಸಿಕ್ಕಿಕೊಂಡಿದ್ದರೂ ತೆಗೆದು ಮತ್ತೆ ಮೊದಲಿಂದ ಶುರು ಮಾಡಬೇಕು. ಇದಕ್ಕೆ ಸ್ಕ್ಲೀರಲ್ ಲೆನ್ಸ್ ಅನ್ನುತ್ತಾರೆ.

ಇದನ್ನೆಲ್ಲ ಬರೆಯಲು ಕಾರಣ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ನಾನು ತುಮಕೂರಿನಲ್ಲಿ ಗಣಿತ ಕಲಿಸುತ್ತೇನೆ. ಈ ವರ್ಷ ಅವಳು ಬೋರ್ಡ್ ಮೇಲಿನ 3 ಅನ್ನು 8 ಅಂತ ಬರೆದುಕೊಳ್ಳಲು ಶುರು ಮಾಡಿದಳು. ಜೂನ್‌ನಲ್ಲಿ ಮೂರನೇ ಬೆಂಚ್, ಆಗಸ್ಟ್ ಹೊತ್ತಿಗೆ ಮೊದಲನೇ ಬೆಂಚ್. ತಲೆ ಓರೆ ಮಾಡಿ ನೋಡುತ್ತಾಳೆ. ಮುಷ್ಟಿ ಕಟ್ಟಿ ಕಣ್ಣು ಉಜ್ಜುತ್ತಾಳೆ. ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಗಿದೆ. ನೋಡಿ ಎದೆ ಝಲ್ ಅಂತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಹೀಗೇ ಇದ್ದೆ. ಅವಳ ಅಮ್ಮನನ್ನು ಕರೆಸಿ, ಕಾರ್ನಿಯಾ ಟೊಪಾಗ್ರಫಿ ಅನ್ನುವ ಪರೀಕ್ಷೆ ಮಾಡಿಸಿ ಅಂದೆ. ಮಾಡಿಸಿದರು. ಅಂದುಕೊಂಡದ್ದೇ ಆಯಿತು, ಕೆರಟೋಕೋನಸ್. ಡಾಕ್ಟರು ಲೆನ್ಸ್ ಬೇಕಾಗುತ್ತದೆ ಅಂದರಂತೆ. ಆ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರು: "ಕಣ್ಣೊಳಗೆ ಗಾಜು ಹಾಕೋದಾ ಮಿಸ್? ಹಿಂದಕ್ಕೆ ಹೋಗಿ ಮಿದುಳಿಗೆ ಸೇರ್ಕೊಂಡ್ರೆ?"

ಎರಡನೇ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟೆ. ಹೋಗಲ್ಲ. ಕಣ್ಣಿನ ಬಿಳಿಭಾಗವನ್ನು ಮುಚ್ಚಿರುವ ತೆಳು ಪೊರೆಯೇ ಮಡಚಿಕೊಂಡು ರೆಪ್ಪೆಯ ಒಳಮೈಗೆ ಸೇರುತ್ತದೆ. ಚೀಲದ ತಳ ಇದ್ದ ಹಾಗೆ. ಅದರಾಚೆ ದಾರಿಯೇ ಇಲ್ಲ. ಮೊದಲನೇ ಪ್ರಶ್ನೆಗೆ ಉತ್ತರ ಉದ್ದ ಇದೆ. ಯಾಕಂದ್ರೆ ಒಂದು ಕಾಲದಲ್ಲಿ ಅದು ನಿಜವಾಗಿ ಗಾಜೇ ಆಗಿತ್ತು. ಆ ಗಾಜನ್ನು ಮೊದಲು ಮಾಡಿದ್ದೂ ಇವಳಂಥ, ನನ್ನಂಥ ಕಣ್ಣಿನವರಿಗಾಗಿಯೇ.

ಕೆರಟೋಕೋನಸ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಪ್ಪು ಗುಡ್ಡೆಯ ಮುಂದೆ ವಾಚಿನ ಗಾಜಿನ ಹಾಗೆ ಇರುವ ಪದರವೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿ.ಮೀ. ನಮ್ಮಲ್ಲಿ ಅದು ತೆಳುವಾಗುತ್ತಾ, ಮುಂದಕ್ಕೆ ಉಬ್ಬುತ್ತಾ, ಮಾವಿನಕಾಯಿ ಮೂತಿಯ ಹಾಗೆ ಚೂಪಾಗುತ್ತದೆ. ಹೆಚ್ಚಾಗಿ ಹರೆಯದಲ್ಲಿ ಶುರುವಾಗುತ್ತದೆ. ಕಣ್ಣು ಉಜ್ಜಿದಷ್ಟೂ ಕೆಡುತ್ತದೆ. ನಮ್ಮೂರು ಸಾಗರದ ಹತ್ತಿರ. ಅಡಿಕೆ ಸುಲಿಯುವ ಕಾಲ ಬಂತೆಂದರೆ ಧೂಳಿಗೆ ನನ್ನ ಕಣ್ಣು ತುರಿಸುತ್ತಿತ್ತು, ನಾನು ಉಜ್ಜುತ್ತಿದ್ದೆ. "ಉಜ್ಜಬೇಡ ಕಣೇ, ಕಣ್ಣು ಕೆಂಪಾಗ್ತದೆ" ಅಂತ ಅಮ್ಮ ದಿನಾ ಹೇಳುತ್ತಿದ್ದಳು. ಕೆಂಪಾಗುವುದಕ್ಕಿಂತ ದೊಡ್ಡ ಅಪಾಯ ಇದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ಪ್ರತಿ ಆರು ತಿಂಗಳಿಗೆ ನಂಬರ್ ಬದಲಾಗುತ್ತಿತ್ತು. ಒಂದು ಆಪ್ಟಿಕಲ್ ಅಂಗಡಿಯಲ್ಲಿ "ಸಿಲಿಂಡರ್ ಪವರ್ ಜಾಸ್ತಿ ಆಗಿದೆ" ಅಂತ ಹೇಳಿ ಗಾಜು ಬದಲಿಸಿ ಕಳಿಸುತ್ತಿದ್ದರು. ಆಮೇಲೆ ಒಂದು ಮೆತ್ತನೆಯ ಲೆನ್ಸನ್ನೂ ಕೊಟ್ಟರು. ಎರಡರಿಂದಲೂ ಪ್ರಯೋಜನ ಆಗಲಿಲ್ಲ. 2010ರ ದೀಪಾವಳಿಗೆ ಊರಿಗೆ ಹೋದಾಗ ತುಳಸಿಕಟ್ಟೆಯಲ್ಲಿ ಅಮ್ಮ ಒಂದು ಹಣತೆ ಇಟ್ಟಳು. ಬಲಗಣ್ಣು ಮುಚ್ಚಿಕೊಂಡು ನೋಡಿದೆ. ಒಂದರ ಕೆಳಗೊಂದು ಐದು ಜ್ವಾಲೆ, ಅದರ ಕೆಳಗೆ ಬಾಲದ ಹಾಗೆ ಬೆಳಕು. ಆ ವಾರವೇ ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ನನ್ನ ಕಾರ್ನಿಯಾದ ನಕ್ಷೆ ತೋರಿಸಿದರು. ಸುತ್ತ ಹಸಿರು, ಕೆಳಭಾಗದಲ್ಲಿ ಕಡುಕೆಂಪು ಗುಡ್ಡ. "ನೋಡಮ್ಮ, ಕನ್ನಡಕ ಎಷ್ಟು ಬದಲಾಯಿಸಿದ್ರೂ ಅಷ್ಟೇ. ಕಣ್ಣಿನ ಮೈಯೇ ಏರುಪೇರಾಗಿದೆ. ಮೊದಲು ಇದು ಇನ್ನೂ ಉಬ್ಬದ ಹಾಗೆ ನಿಲ್ಲಿಸೋಣ" ಅಂದರು.

ನಿಲ್ಲಿಸುವ ಆ ಚಿಕಿತ್ಸೆಯ ಹೆಸರು ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡದ್ದು. ಕಾರ್ನಿಯಾದ ಮೇಲ್ಪದರ ಸ್ವಲ್ಪ ಕೆರೆದು, ಅರ್ಧ ಗಂಟೆ ಹಳದಿ ಬಣ್ಣದ ಹನಿ ಬಿಡುತ್ತಾರೆ. ಅದು ಬಿ2 ವಿಟಮಿನ್. ಆಮೇಲೆ ಅರ್ಧ ಗಂಟೆ ನೇರಳಾತೀತ ಬೆಳಕು. ಒಳಗಿನ ನಾರುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಉಬ್ಬುವುದು ನಿಲ್ಲುತ್ತದೆ. ಮೂರು ದಿನ ಕಣ್ಣಿಗೆ ಖಾರ ಎರಚಿದ ಹಾಗಿತ್ತು. ಆದರೆ ಇದು ಮುಂದೆ ಕೆಡದ ಹಾಗೆ ತಡೆಯುತ್ತದೆ ಅಷ್ಟೇ. ನೆಟ್ಟಗೆ ಕಾಣಬೇಕು ಅಂದರೆ ಲೆನ್ಸ್ ಬೇಕು.

ಗಟ್ಟಿ ಲೆನ್ಸ್ ಯಾಕೆ, ಕನ್ನಡಕ ಯಾಕಾಗಲ್ಲ? ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ. ನಾಟಿಗೆ ಮುಂಚೆ ಉತ್ತ ಗದ್ದೆ ನೋಡಿ. ಹೆಂಟೆ, ಹಳ್ಳ, ದಿಬ್ಬ, ಒಂದೂ ಸಮ ಇಲ್ಲ. ಅದಕ್ಕೆ ನೀರು ಕಟ್ಟಿ. ಮೇಲ್ಮೈ ಕನ್ನಡಿ ಆಗಿಬಿಡುತ್ತದೆ. ಆಕಾಶ, ತೆಂಗಿನ ಮರ, ಹಾರುವ ಬೆಳ್ಳಕ್ಕಿ ಎಲ್ಲ ಅದರಲ್ಲಿ ನೆಟ್ಟಗೆ ಕಾಣುತ್ತವೆ. ಕೆಳಗೆ ಹೆಂಟೆ ಹಾಗೇ ಇದೆ, ಆದರೆ ಬೆಳಕಿಗೆ ಅದರ ಲೆಕ್ಕ ಇಲ್ಲ. ಗಟ್ಟಿ ಲೆನ್ಸ್ ಮಾಡುವುದು ಇದೇ ಕೆಲಸ. ಲೆನ್ಸಿಗೂ ಕಾರ್ನಿಯಾಕ್ಕೂ ನಡುವೆ ಕಣ್ಣೀರು ತುಂಬಿಕೊಂಡು ಏರುಪೇರು ಮುಚ್ಚಿಹೋಗುತ್ತದೆ. ಲೆನ್ಸಿನ ನಯವಾದ ಮುಂಮೈಯೇ ಕಣ್ಣಿನ ಹೊಸ ಮುಖ ಆಗುತ್ತದೆ. ಮೆತ್ತನೆಯ ಲೆನ್ಸ್ ಒದ್ದೆ ಬಟ್ಟೆಯ ಹಾಗೆ ದಿಬ್ಬದ ಮೇಲೇ ಅಂಟಿ ಕೂರುತ್ತದೆ, ಆ ಆಕಾರವನ್ನೇ ತಾನೂ ತಾಳುತ್ತದೆ. ಅದಕ್ಕೇ ಶಿವಮೊಗ್ಗದಲ್ಲಿ ಕೊಟ್ಟ ಲೆನ್ಸ್ ನನಗೆ ಕೆಲಸ ಮಾಡಲಿಲ್ಲ.

ಈ ನೀರಿನ ಉಪಾಯ ಹಳೇದು. 1801ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಒಂದು ಪುಟ್ಟ ಕೊಳವೆಯ ತುದಿಗೆ ಲೆನ್ಸ್ ಕೂರಿಸಿ, ಒಳಗೆ ನೀರು ತುಂಬಿ, ತನ್ನ ಕಣ್ಣಿಗೇ ಒತ್ತಿಕೊಂಡು ನೋಡಿದ್ದ. ಅದು ತೊಡುವ ವಸ್ತು ಅಲ್ಲ, ಬರೀ ಪ್ರಯೋಗ. ತೊಡುವಂಥದ್ದು ಬಂದದ್ದು ಅಡಾಲ್ಫ್ ಓಯ್ಗೆನ್ ಫಿಕ್ ಎಂಬ ಜರ್ಮನ್ ಕಣ್ಣಿನ ಡಾಕ್ಟರಿಂದ. ಅವರು ಕೆಲಸ ಮಾಡುತ್ತಿದ್ದದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ. 1888ರಲ್ಲಿ ಅದರ ಬಗ್ಗೆ ಬರೆದರು. ಇಟ್ಟ ಹೆಸರು 'ಕಾಂಟಾಕ್ಟ್‌ಬ್ರಿಲ್ಲೆ', ತಾಕುವ ಕನ್ನಡಕ ಅಂತ ಅರ್ಥ. ಕಾಂಟಾಕ್ಟ್ ಲೆನ್ಸ್ ಎಂಬ ಹೆಸರಿನ ಬೇರು ಇಲ್ಲಿದೆ. ಮೊದಲು ಮೊಲಗಳ ಕಣ್ಣಿಗೆ ಹಾಕಿ ನೋಡಿದರು, ಆಮೇಲೆ ತಮ್ಮ ಕಣ್ಣಿಗೆ, ಆಮೇಲೆ ಬೇರೆಯವರ ಕಣ್ಣಿಗೆ. ಗಾಜಿನ ಚಿಪ್ಪು, ಒಳಗೆ ದ್ರಾಕ್ಷಿ ಸಕ್ಕರೆಯ ನೀರು. ಅಗಲ 18ರಿಂದ 21 ಮಿ.ಮೀ. ಅಂಚು ಕೂರುತ್ತಿದ್ದದ್ದು ಕಾರ್ನಿಯಾದ ಮೇಲಲ್ಲ, ಕಣ್ಣಿನ ಬಿಳಿಭಾಗದ ಮೇಲೆ.

ಈ ಅಳತೆ ಮೊದಲ ಸಲ ಓದಿದಾಗ ನಾನು ಎದ್ದು ಹೋಗಿ ನನ್ನ ಲೆನ್ಸ್ ಡಬ್ಬಿ ತಂದು ಪಕ್ಕದಲ್ಲಿ ಇಟ್ಟುಕೊಂಡೆ. 18 ಮಿ.ಮೀ. ಒಳಗೆ ನೀರು. ಅಂಚು ಬಿಳಿಭಾಗದ ಮೇಲೆ. ನೂರಮೂವತ್ತು ವರ್ಷದ ಹಿಂದೆ ಒಬ್ಬರು ಮಾಡಿದ್ದ ಬಟ್ಟಲೇ ನನ್ನ ಮೇಜಿನ ಮೇಲಿತ್ತು.

ಅದೇ 1888ರಲ್ಲಿ ಪ್ಯಾರಿಸ್‌ನಲ್ಲಿ ಯೂಜೀನ್ ಕಾಲ್ಟ್ ಎಂಬ ಕಣ್ಣಿನ ಡಾಕ್ಟರು ಕೂಡ ಗಾಜಿನ ಚಿಪ್ಪು ಮಾಡಿಸಿದರು. ಅದು ನೇರವಾಗಿ ಕೆರಟೋಕೋನಸ್‌ಗೇ. ಚೂಪಾದ ಮೂತಿಯನ್ನು ಒತ್ತಿ ತಗ್ಗಿಸುವುದು ಅವರ ಯೋಚನೆ. ಮಾರನೇ ವರ್ಷ ಕೀಲ್ ಊರಿನ ವಿದ್ಯಾರ್ಥಿ ಆಗಸ್ಟ್ ಮುಲ್ಲರ್ ತನ್ನ ಮೈನಸ್ 14 ಪವರ್ ಕಣ್ಣಿಗೆ ಗಾಜು ಹಾಕಿಕೊಂಡು, ಅದನ್ನೇ ಪ್ರಬಂಧವಾಗಿ ಬರೆದ. ಕಣ್ಣು ಮರಗಟ್ಟಿಸಲು ಕೊಕೇನ್ ಹನಿ ಬಿಟ್ಟುಕೊಂಡರೂ ಅರ್ಧ ಗಂಟೆಗಿಂತ ಜಾಸ್ತಿ ತಡೆಯಲು ಆಗಲಿಲ್ಲ.

ಯಾಕೆ ಆಗಲಿಲ್ಲ? ಗಾಜು ಚುಚ್ಚುತ್ತದೆ ಅನ್ನುವುದು ಅರ್ಧ ಕಾರಣ. ಇನ್ನರ್ಧ ಕಾರಣ ಗಾಳಿ. ಮೈಯ ಉಳಿದ ಭಾಗಕ್ಕೆ ರಕ್ತ ಆಮ್ಲಜನಕ ತಂದುಕೊಡುತ್ತದೆ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ಅದು ಗಾಜಿನ ಹಾಗೆ ತಿಳಿಯಾಗಿ ಇರುತ್ತಿರಲಿಲ್ಲ, ಅಲ್ವಾ? ಹಾಗಾಗಿ ಅದು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಉಸಿರಾಡುತ್ತದೆ. ಗಾಜಿನ ಬಟ್ಟಲು ಮುಚ್ಚಿದರೆ ಉಸಿರು ಕಟ್ಟುತ್ತದೆ. ಕಾರ್ನಿಯಾ ನೀರು ಹೀರಿ ಊದಿಕೊಂಡು, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡು, ಮಂಜು ಕವಿಯುತ್ತದೆ. ಲೆನ್ಸಿನ ಚರಿತ್ರೆಯಲ್ಲಿ ಫಿಕ್ ಆದಮೇಲೆ ಬಂದ ಬದಲಾವಣೆಗಳಲ್ಲಿ ಹೆಚ್ಚಿನವು ಈ ಒಂದು ತೊಂದರೆಗೆ ಹುಡುಕಿದ ದಾರಿಗಳೇ ಅಂತ ನನಗೆ ಅನ್ನಿಸುತ್ತದೆ.

ಮೊದಲ ದಾರಿ, ಬಟ್ಟಲನ್ನೇ ಚಿಕ್ಕದು ಮಾಡುವುದು. 1930ರ ದಶಕದಲ್ಲಿ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಹಗುರ, ಒಡೆಯಲ್ಲ. 1948ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆವಿನ್ ಟೂಹಿ ಎಂಬುವರು ಲೇತ್ ಮೇಲೆ ಪ್ಲಾಸ್ಟಿಕ್ ಲೆನ್ಸ್ ಕಡೆಯುತ್ತಿದ್ದಾಗ ಸುತ್ತಲಿನ ಅಗಲವಾದ ಅಂಚು ಮುರಿದು, ನಡುವಿನ ಬಿಲ್ಲೆ ಮಾತ್ರ ಉಳಿಯಿತು ಅಂತ ಹೇಳುತ್ತಾರೆ. ಬಿಸಾಕಲಿಲ್ಲ. ಅಂಚು ಉಜ್ಜಿ ನಯ ಮಾಡಿ ಕಣ್ಣಿಗೆ ಹಾಕಿಕೊಂಡರು. ನಿಂತಿತು! ಕಾರ್ನಿಯಾದಷ್ಟೇ ಅಗಲದ ಲೆನ್ಸ್ ಹುಟ್ಟಿದ್ದು ಹೀಗೆ. ಆ ಪ್ಲಾಸ್ಟಿಕ್ ಮೂಲಕ ಗಾಳಿ ಹಾಯುತ್ತಿರಲಿಲ್ಲ. ಆದರೆ ರೆಪ್ಪೆ ಬಡಿದಾಗಲೆಲ್ಲ ಪುಟ್ಟ ಬಿಲ್ಲೆ ಅಲ್ಲಾಡಿ, ಅಡಿಯಲ್ಲಿ ಹೊಸ ಕಣ್ಣೀರು ನುಗ್ಗುತ್ತಿತ್ತು. ಅಷ್ಟರಲ್ಲೇ ಕಾರ್ನಿಯಾ ಹೇಗೋ ಸುಧಾರಿಸಿಕೊಳ್ಳುತ್ತಿತ್ತು.

ಎರಡನೇ ದಾರಿ ಚೆಕೊಸ್ಲೊವಾಕಿಯಾದಿಂದ ಬಂತು. ಓಟ್ಟೊ ವಿಖ್ಟೆರ್ಲೆ ಅವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಅವರೆಂದರೆ ನನಗೆ ಅಷ್ಟು ಗೌರವ. ರಸಾಯನಶಾಸ್ತ್ರದ ಪ್ರೊಫೆಸರ್. 1950ರ ದಶಕದಲ್ಲಿ ತಮ್ಮ ಜೊತೆಯ ದ್ರಾಹೊಸ್ಲಾವ್ ಲೀಮ್ ಜೊತೆ ಸೇರಿ, ನೀರು ಕುಡಿದು ಮೆತ್ತಗಾಗುವ, ಆದರೂ ತಿಳಿಯಾಗಿಯೇ ಇರುವ ಒಂದು ಪ್ಲಾಸ್ಟಿಕ್ ಮಾಡಿದರು. ತೂಕದಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗ ನೀರು. ಮೈಗೆ ಒಗ್ಗುವಂಥದ್ದು. ಕಣ್ಣಿಗೆ ಆಗುತ್ತದೆ ಅಂತ ಅವರಿಗೆ ಹೊಳೆಯಿತು. ಆದರೆ ಅಚ್ಚಿನಲ್ಲಿ ಎರಕ ಹೊಯ್ದರೆ ಅಂಚು ಹರಿಯುತ್ತಿತ್ತು. 1958ರಲ್ಲಿ ಸರ್ಕಾರ ಅವರನ್ನು ಕಲಿಸುತ್ತಿದ್ದ ಸಂಸ್ಥೆಯಿಂದ ರಾಜಕೀಯ ಕಾರಣಕ್ಕೆ ಹೊರಗೆ ಹಾಕಿತು. ಬೇರೆ ಸಂಸ್ಥೆಗೆ ಹೋದರು. ಅಲ್ಲಿ ಇದ್ದಾಗ ಲೆನ್ಸಿನ ಕೆಲಸಕ್ಕೆ ಸರ್ಕಾರದ ಬೆಂಬಲವೂ ನಿಂತಿತು. ಅವರು ಅದನ್ನು ಮನೆಗೆ ತಂದರು.

ಅಚ್ಚನ್ನು ತಿರುಗಿಸುತ್ತಾ ಎರಕ ಹೊಯ್ದರೆ? ಮಗನ ಆಟಿಕೆಯ ಮೆಕ್ಯಾನಿಕ್ ಸೆಟ್‌ನ ತೂತು ತೂತು ಪಟ್ಟಿಗಳು, ಸೈಕಲ್ ಡೈನಮೋ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್, ಇಷ್ಟನ್ನು ಸೇರಿಸಿ ಅಡುಗೆಮನೆ ಮೇಜಿನ ಮೇಲೆ ಒಂದು ಯಂತ್ರ ಕಟ್ಟಿದರು. 1961ರ ಕ್ರಿಸ್‌ಮಸ್ ದಿನ ಮಧ್ಯಾಹ್ನ, ಹೆಂಡತಿ ಲಿಂಡಾ ಪಕ್ಕದಲ್ಲಿ ನಿಂತು ಕೈ ಜೋಡಿಸಿರಲು, ನಾಲ್ಕು ಲೆನ್ಸ್ ತಯಾರಾದವು. ತಮ್ಮ ಕಣ್ಣಿಗೇ ಹಾಕಿ ನೋಡಿದರು. ಪವರ್ ಸರಿ ಇರಲಿಲ್ಲ, ಆದರೆ ಚುಚ್ಚಲಿಲ್ಲ. ಆಮೇಲೆ ಗ್ರಾಮಫೋನಿನ ಮೋಟಾರು ಕಿತ್ತು ಇನ್ನೂ ದೊಡ್ಡ ಯಂತ್ರ ಮಾಡಿದರು. 1962ರ ಮೊದಲ ನಾಲ್ಕು ತಿಂಗಳಲ್ಲಿ ಗಂಡ ಹೆಂಡತಿ ಸೇರಿ 5,500 ಲೆನ್ಸ್ ಮಾಡಿದರು. ಹಕ್ಕನ್ನು ಅಮೆರಿಕದ ಕಂಪನಿಗೆ ಮಾರಲಾಯಿತು. ಅವರ ಕೈಗೆ ಬಂದದ್ದು ತೀರಾ ಕಡಿಮೆ. 1971ರಲ್ಲಿ ಅಲ್ಲಿ ಮೆತ್ತನೆ ಲೆನ್ಸಿಗೆ ಒಪ್ಪಿಗೆ ಸಿಕ್ಕಿ, ಮಾರಾಟ ಶುರುವಾಯಿತು. ಇವತ್ತು ಕಾಲೇಜು ಹುಡುಗಿಯರ ಪರ್ಸಿನಲ್ಲಿರುವ ಮೆತ್ತನೆ ಲೆನ್ಸಿನ ಮೂಲ ಆ ಅಡುಗೆಮನೆ ಮೇಜು. ಇದನ್ನು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳಿಗೆ ಸೈಕಲ್ ಡೈನಮೋ ಬಹಳ ಇಷ್ಟ.

ಮೂರನೇ ದಾರಿ, ಪ್ಲಾಸ್ಟಿಕ್ಕಿಗೇ ಉಸಿರಾಡಲು ಕಲಿಸುವುದು. 1970ರ ದಶಕದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಬೆರೆಸಿದರು. ಸಿಲಿಕೋನ್ ಒಳಗಿಂದ ಆಮ್ಲಜನಕ ಸಲೀಸಾಗಿ ಹಾಯುತ್ತದೆ. ಹೀಗೆ ಬಂದದ್ದು ಆರ್‌ಜಿಪಿ ಲೆನ್ಸ್. ಕೆರಟೋಕೋನಸ್‌ಗೆ ನಮ್ಮಲ್ಲಿ ತುಂಬ ಬಳಸುವ ರೋಸ್ ಕೆ ಎಂಬ ಮಾದರಿ ಇದೇ ಜಾತಿಯದು. ನ್ಯೂಜಿಲೆಂಡಿನ ಪಾಲ್ ರೋಸ್ ರೂಪಿಸಿದ್ದು. ಮೆತ್ತನೆ ಲೆನ್ಸಿಗೆ ಸಿಲಿಕೋನ್ ಸೇರಿಸುವುದು ಮಾತ್ರ ತಡ ಆಯಿತು. ಸಿಲಿಕೋನ್‌ಗೆ ನೀರು ಆಗಲ್ಲ, ಎಣ್ಣೆ ನೀರಿನ ಸಂಬಂಧ. ಎರಡನ್ನೂ ಒಂದೇ ಲೆನ್ಸಿನಲ್ಲಿ ಹೊಂದಿಸಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ನನಗೆ 2011ರಲ್ಲಿ ಆರ್‌ಜಿಪಿ ಕೊಟ್ಟರು. ಸುಮಾರು 9 ಮಿ.ಮೀ. ಬಿಲ್ಲೆ, ಕಣ್ಣಿನಲ್ಲಿ ಮರಳು ಬಿದ್ದ ಹಾಗೆ. ಮೊದಲ ದಿನ ಎರಡು ಗಂಟೆ, ಮಾರನೇ ದಿನ ಮೂರು, ಹೀಗೆ ರೂಢಿ ಮಾಡಿಕೊಂಡೆ. ಕಣ್ಣೀರು ಧಾರಾಕಾರ. ಆದರೆ ಆ ಮೊದಲ ದಿನ ಆಸ್ಪತ್ರೆ ಕಿಟಕಿಯಿಂದ ಹೊರಗೆ ನೋಡಿದಾಗ ಮರದಲ್ಲಿ ಎಲೆಗಳು ಬಿಡಿಬಿಡಿಯಾಗಿ ಕಂಡವು. ಹಸಿರು ಮುದ್ದೆ ಅಲ್ಲ, ಎಲೆಗಳು. ಅಪ್ಪ ಪಕ್ಕದಲ್ಲಿ ಕೂತಿದ್ದರು. ಅವರ ಗಡ್ಡದಲ್ಲಿ ಎಷ್ಟು ಬಿಳಿಕೂದಲು ಬಂದಿದೆ ಅಂತ ಅವತ್ತು ಗೊತ್ತಾಯಿತು.

ಎಂಟು ವರ್ಷ ಆ ಲೆನ್ಸಿನಲ್ಲೇ ಕಳೆದೆ. ಬಿ.ಎಡ್., ಕೆಲಸ, ಮದುವೆ ಎಲ್ಲ. ಧೂಳು ಹೊಕ್ಕರೆ ಜೀವ ಹೋಗುತ್ತಿತ್ತು. ಒಂದು ಸಲ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಕಣ್ಣಿಂದ ಹಾರಿಹೋಯಿತು. ಎಡಗಣ್ಣಿನ ಮೂತಿ ಚೂಪಾದ ಕಾರಣ ಬಿಲ್ಲೆ ಅದರ ಮೇಲೆ ಓಲಾಡುತ್ತಿತ್ತು, ತುದಿಯಲ್ಲಿ ಉಜ್ಜಿ ಗಾಯದ ಕಲೆ ಆಗತೊಡಗಿತು. 2019ರಲ್ಲಿ ಲೆನ್ಸ್ ನೋಡುವ ಆಪ್ಟೊಮೆಟ್ರಿಸ್ಟ್, "ಮೇಡಂ, ಕಾರ್ನಿಯಾವನ್ನ ಮುಟ್ಟದೇ ಇರೋ ಲೆನ್ಸ್ ಒಂದಿದೆ, ಹಾಕಿ ನೋಡೋಣ್ವಾ?" ಅಂದರು.

ಅದೇ ಫಿಕ್ ಅವರ ಬಟ್ಟಲು. ಎಲ್ಲರೂ ಚಿಕ್ಕದು, ಮೆತ್ತನೆಯದು ಅಂತ ಓಡುತ್ತಿದ್ದ ಕಾಲದಲ್ಲಿ ಅದು ಮೂಲೆ ಸೇರಿತ್ತು. 1983ರಲ್ಲಿ ಆಸ್ಟ್ರೇಲಿಯಾದ ಡಾನ್ ಎಜೆಕಿಯಲ್ ಗಾಳಿ ಹಾಯುವ ಪ್ಲಾಸ್ಟಿಕ್ಕಿನಲ್ಲಿ ಮತ್ತೆ ದೊಡ್ಡ ಲೆನ್ಸ್ ಮಾಡಿದ್ದನ್ನು ವರದಿ ಮಾಡಿದರು. ಬಾಸ್ಟನ್‌ನಲ್ಲಿ ಪೆರಿ ರೋಸೆಂತಾಲ್ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಪ್ರೋಸ್ ಎಂಬ ಆ ಚಿಕಿತ್ಸೆ ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲೂ ಇದೆ. ಕೆರಟೋಕೋನಸ್‌ಗೆ ಮಾತ್ರ ಅಲ್ಲ. ಔಷಧಿಯ ಅಡ್ಡಪರಿಣಾಮದಿಂದ ಸ್ಟೀವನ್ಸ್ ಜಾನ್ಸನ್ ಎಂಬ ಕಾಯಿಲೆ ಬಂದು ಕಣ್ಣೀರೇ ಬತ್ತಿಹೋದವರಿಗೂ ಈ ಲೆನ್ಸ್ ಆಸರೆ. ಹಗಲಿಡೀ ಕಣ್ಣು ನೀರಿನಲ್ಲೇ ನೆನೆದಿರುತ್ತದಲ್ಲ, ಅದಕ್ಕೆ.

ದುಡ್ಡಿನ ವಿಷಯವನ್ನೂ ಹೇಳಬೇಕು. ಎರಡು ಲೆನ್ಸಿಗೆ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಆಯಿತು. ತೊಂದರೆಯೂ ಇಲ್ಲದಿಲ್ಲ. ನಾಲ್ಕನೇ ಪೀರಿಯಡ್ ಹೊತ್ತಿಗೆ ಕೆಲವು ದಿನ ಒಳಗಿನ ನೀರು ಮಬ್ಬಾಗುತ್ತದೆ. ಸ್ಟಾಫ್ ರೂಮಿಗೆ ಬಂದು ತೆಗೆದು, ಹೊಸ ಸೆಲೈನ್ ತುಂಬಿ ಮತ್ತೆ ಹಾಕಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ. ತೆಗೆಯುವಾಗ ಪ್ಲಂಜರನ್ನು ನಡುವಿಗೆ ಒತ್ತಬಾರದು, ಅಂಚಿನ ಹತ್ತಿರ ಒತ್ತಿ ಮೆಲ್ಲಗೆ ಎತ್ತಬೇಕು. ನಡುವಿಗೆ ಒತ್ತಿ ಎಳೆದರೆ ಕಾರ್ನಿಯಾವನ್ನೇ ಜಗ್ಗಿದ ಹಾಗೆ.

ಸುಮ್ನೆ ಕನ್ನಡಕ ಬೇಡ ಅಂತ ಲೆನ್ಸ್ ಯೋಚಿಸುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅವರಿಗೆ ಮೆತ್ತನೆಯದೇ ಸಾಕು. ದಿನಕ್ಕೊಂದು ಬಿಸಾಕುವುದು, ಹದಿನೈದು ದಿನದ್ದು, ತಿಂಗಳದ್ದು ಸಿಗುತ್ತವೆ. ನನ್ನನ್ನು ಕೇಳಿದರೆ ದಿನದ್ದೇ ಒಳ್ಳೆಯದು, ತೊಳೆಯುವ ಗೋಜಿಲ್ಲ. ಸಿಲಿಂಡರ್ ಪವರ್ ಇದ್ದವರಿಗೆ ಟಾರಿಕ್ ಇದೆ, ಕಣ್ಣಿನಲ್ಲಿ ಸುತ್ತದ ಹಾಗೆ ಒಂದು ಕಡೆ ಸ್ವಲ್ಪ ದಪ್ಪ ಮಾಡಿರುತ್ತಾರೆ. ನಲವತ್ತು ದಾಟಿದವರಿಗೆ ಹತ್ತಿರದ್ದೂ ದೂರದ್ದೂ ಕಾಣಿಸುವ ಮಲ್ಟಿಫೋಕಲ್. ರಾತ್ರಿ ಹಾಕಿ ಮಲಗಿ ಬೆಳಿಗ್ಗೆ ತೆಗೆಯುವ ಆರ್ಥೊ-ಕೆ ಕೂಡ ಇದೆ. ರಾತ್ರಿಯಿಡೀ ಕಾರ್ನಿಯಾವನ್ನು ಸ್ವಲ್ಪ ಚಪ್ಪಟೆ ಮಾಡಿ, ಹಗಲು ಲೆನ್ಸಿಲ್ಲದೆ ಕಾಣುವ ಹಾಗೆ ಮಾಡುತ್ತದೆ. ಅದು ಡಾಕ್ಟರ ಕಣ್ಗಾವಲಿನಲ್ಲೇ ಆಗಬೇಕು.

ಒಂದನ್ನು ಮಾತ್ರ ಕೈ ಮುಗಿದು ಹೇಳುತ್ತೇನೆ. ಯಾವ ಲೆನ್ಸೇ ಇರಲಿ, ನಲ್ಲಿ ನೀರು ಮುಟ್ಟಿಸಬೇಡಿ. ಬೋರ್‌ವೆಲ್ ನೀರು, ಫಿಲ್ಟರ್ ನೀರು ಯಾವುದೂ ಬೇಡ. ನನ್ನ ಹಾಸ್ಟೆಲ್ ರೂಮಿನ ಗೆಳತಿ ಸಲ್ಯೂಷನ್ ಖಾಲಿ ಆಯಿತೆಂದು ಒಂದು ವಾರ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆದಿಟ್ಟಳು. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಇರುತ್ತದೆ. ಲೆನ್ಸಿಗೆ ಅಂಟಿ ಕಾರ್ನಿಯಾದೊಳಗೆ ಹೊಕ್ಕರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅವಳು ಬೆಳಕು ನೋಡಲಾರದೆ ಚಾದರ ಮುಚ್ಚಿಕೊಂಡು ಅಳುತ್ತಿದ್ದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ವರ್ಷ ಅವಳು ಪರೀಕ್ಷೆ ಬರೆಯಲಿಲ್ಲ. ಮಲಗುವಾಗ ಮೆತ್ತನೆ ಲೆನ್ಸ್ ತೆಗೆದಿಡಿ. ಕಣ್ಣು ಮುಚ್ಚಿದಾಗ ಕಾರ್ನಿಯಾಕ್ಕೆ ಮೊದಲೇ ಗಾಳಿ ಕಡಿಮೆ.

ನನ್ನ ವಿದ್ಯಾರ್ಥಿನಿಗೆ ಕ್ರಾಸ್‌ಲಿಂಕಿಂಗ್ ಆಗಿದೆ. ಈಗ ಕಣ್ಣು ಉಜ್ಜುವುದನ್ನು ಬಿಟ್ಟಿದ್ದಾಳೆ. ತುರಿಸಿದರೆ ಒದ್ದೆ ಬಟ್ಟೆ ಇಟ್ಟುಕೊಳ್ಳುತ್ತಾಳೆ. ಕಾರ್ನಿಯಾ ಇನ್ನೂ ಜಾಸ್ತಿ ಉಬ್ಬಿಲ್ಲದ ಕಾರಣ ಅವಳಿಗೆ ಮೊದಲು ಆರ್‌ಜಿಪಿ ನೋಡುತ್ತಾರಂತೆ, ಅದು ಒಗ್ಗದಿದ್ದರೆ ಸ್ಕ್ಲೀರಲ್. ಶನಿವಾರ ಬೆಳಿಗ್ಗೆ ಟ್ರಯಲ್. ಅವಳ ಅಮ್ಮನಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗಲಿಲ್ಲ, ನಾನು ಕರೆದುಕೊಂಡು ಹೋಗುತ್ತಿದ್ದೇನೆ. ಆರೂ ಹತ್ತರ ಟ್ರೇನು. ಆಸ್ಪತ್ರೆ ಕಿಟಕಿಯ ಹೊರಗಿನ ಆ ಮರ ಇನ್ನೂ ಇದೆ, ಹೋದ ತಿಂಗಳು ನೋಡಿ ಬಂದೆ. ಅವಳನ್ನು ಆ ಕುರ್ಚಿಯಲ್ಲೇ ಕೂರಿಸಬೇಕು.